ಯಮಗಂಡ ಕಳೆಯಲಿ ಅಂದರು

ಕಲ್ಮೇಶನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನಿಗೆ ಅನ್ಯಾಯ ಆದಾಗ ಅದರಲ್ಲಿ ನನ್ನ ಕೈಯೂ ಇತ್ತು, ಅದು ಬೇರೆ ಮಾತು. ಮೂವತ್ತೊಂಬತ್ತು ವರ್ಷದ ಗಂಡಸು, ಯಾರಿಗಾದರೂ ಒಂದೇ ಒಂದು ಸಲ ‘ಆಗಲ್ಲ’ ಅಂದಿದ್ದನ್ನು ನಾನು ಕೇಳಿಲ್ಲ. ಅಂಥವರನ್ನು ಕಂಡರೆ ಜನಕ್ಕೆ ಕರುಣೆ ಬರುತ್ತದೆ ಅನ್ನುತ್ತಾರೆ. ಬರೀ ಸುಳ್ಳು. ಅಂಥವರನ್ನು ಕಂಡರೆ ಇನ್ನೊಂದು ಕೆಲಸ ಹೇಳೋಣ ಅನ್ನಿಸುತ್ತದೆ.

ನಾವಿಬ್ಬರೂ ಕೆಲಸ ಮಾಡುವುದು ಗೋವಿಂದರಾಜನಗರದಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಒಂದು ಲಿಂಗಾಯತ ವಧು-ವರರ ಮಾಹಿತಿ ಕೇಂದ್ರದಲ್ಲಿ. ನಾನು ಆ ಜನ ಅಲ್ಲ. ಗಿರಣಿ ಕೆಲಸದ ಬೈರಯ್ಯನ ಮಗಳು ಶಶಿಕಲಾ, ಇದೇ ಬೀದಿಯಲ್ಲಿ ಹುಟ್ಟಿದವಳು, ಗಂಡನನ್ನು ಬಿಟ್ಟು ಬಂದು ಹದಿನಾರು ವರ್ಷವಾಯಿತು. ಬಂದವರ ಅರ್ಜಿ ನೋಡಿ ಕಂಪ್ಯೂಟರಿಗೆ ಹೊಡೆಯುವುದು ನನ್ನ ಕೆಲಸ: ಹೆಸರು, ಒಳಪಂಗಡ, ಎತ್ತರ, ಬಣ್ಣ, ಉದ್ಯೋಗ. ಊರಿನವರ ಮದುವೆಯನ್ನೆಲ್ಲ ಹೊಡೆದೂ ಹೊಡೆದೂ ನನ್ನ ಎರಡು ಬೆರಳು ಈಗ ಸರಿಯಾಗಿ ಮಡಚಲು ಬರುವುದಿಲ್ಲ. ಹಾಗೆ ಹೊಡೆದದ್ದನ್ನು ಹುಡುಕುವವರ ಕಣ್ಣಿಗೆ ಬೀಳುವಂತೆ ಮಾಡುವುದು ಕಲ್ಮೇಶನ ಕೆಲಸ. ಇಬ್ಬರ ಮೇಲೂ ಯಜಮಾನರು ಬಸವಲಿಂಗಪ್ಪ.

ಕಲ್ಮೇಶ ಗದಗಿನ ಕಡೆಯವನು. ತಾಯಿ ಬಸವ್ವನ ಜೊತೆ ಮೂಡಲಪಾಳ್ಯದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹದಿನಾರನೇ ವಯಸ್ಸಿನಿಂದ ಅವನಿಗೆ ಮೂರ್ಛೆ ರೋಗ, ದಿನಕ್ಕೆ ಎರಡು ಹೊತ್ತು ಮಾತ್ರೆ. ನಮ್ಮ ಆಫೀಸಿನಲ್ಲೇ ಎರಡು ಸಲ ಬಿದ್ದಿದ್ದಾನೆ. ಕೆಳಗಿನ ಪಾತ್ರೆ ಅಂಗಡಿಯವರು ಓಡಿ ಬಂದು ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಎದ್ದ ಮೇಲೆ ಅವನು ಮೊದಲು ಕೇಳಿದ್ದು, ‘ಕೀಬೋರ್ಡ್ ಮೇಲೆ ಏನೂ ಬೀಳ್ಲಿಲ್ಲ ತಾನೆ?’ ಅಂತ.

ಸಂಬಳ ಹೆಚ್ಚಿಸಿ ಅಂತ ಅವನು ತಲೆ ಕೆರೆದುಕೊಂಡು ನಿಂತಾಗಲೆಲ್ಲ ಬಸವಲಿಂಗಪ್ಪ ಹೇಳುತ್ತಿದ್ದದ್ದು ಒಂದೇ. “ತಾಳೋ ಮಾರಾಯ, ನಿನಗೊಂದು ಒಳ್ಳೆ ಹೆಣ್ಣು ನಾನೇ ನೋಡ್ತೀನಿ.” ಹಾಗೆ ಹೇಳಿ ಆರು ವರ್ಷದ ಹಿಂದೆ ಅವನ ವಿವರವನ್ನು ತಾವೇ ಬರೆಸಿದರು. ‘ಸ್ವಂತ ಮನೆ, ಅನ್ನಪೂರ್ಣೇಶ್ವರಿ ನಗರ. ಆರೋಗ್ಯ ಉತ್ತಮ.’ ಹೊಡೆದವಳು ನಾನೇ. ಹನ್ನೊಂದು ಮನೆಯವರು ಬಂದರು, ಮೂಡಲಪಾಳ್ಯದ ಮೆಡಿಕಲ್ ಸ್ಟೋರಿನಲ್ಲಿ ವಿಚಾರಿಸಿದರು, ಹೋದರು. ನಮ್ಮ ಕೇಂದ್ರದಲ್ಲಿ ಒಂದು ವ್ಯವಸ್ಥೆ ಇದೆ. ನಿಮ್ಮ ಪುಟವನ್ನು ಇವತ್ತು ಎಷ್ಟು ಜನ ತೆರೆದು ನೋಡಿದರು ಅನ್ನುವ ಸಂಖ್ಯೆ ನಿಮಗೆ ಮಾತ್ರ ಕಾಣುತ್ತದೆ. ಕಲ್ಮೇಶನ ಪುಟದಲ್ಲಿ ಅದು ಆಗ ಮೂರು ವರ್ಷದಿಂದ ಸೊನ್ನೆಯೇ ಇತ್ತು. ಆ ಸಂಖ್ಯೆ ತೋರಿಸುವ ವ್ಯವಸ್ಥೆ ಮಾಡಿದವನೂ ಅವನೇ.

ವರ್ಷಕ್ಕೊಮ್ಮೆ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ವಧು-ವರರ ಸಮಾವೇಶ. ಬಾಗಿಲಲ್ಲಿ ಅರ್ಜಿ, ವೇದಿಕೆ ಮೇಲೆ ಮೈಕು. ಒಬ್ಬೊಬ್ಬರೇ ಹತ್ತಿ ತಮ್ಮ ಬಗ್ಗೆ ನಾಲ್ಕು ಮಾತು ಹೇಳಬೇಕು. ಹಿಂದಿನ ದೊಡ್ಡ ಪರದೆಯಲ್ಲಿ ಅವರ ವಿವರ, ಕೆಳಗೆ ಕೂತವರ ಫೋನಿನಲ್ಲೂ ಅದೇ. ಎರಡು ವರ್ಷದ ಹಿಂದಿನ ಸಮಾವೇಶದಲ್ಲಿ ಇದು ಕೈಕೊಟ್ಟಿತ್ತು. ಬಾಗಿಲಲ್ಲಿ ಬರೆಸಿದ ಹೆಸರು ಹುಡುಕಿದರೆ ಸಿಗಲು ಒಂದು ನಿಮಿಷಕ್ಕೂ ಮೇಲೆ ಬೇಕಾಗುತ್ತಿತ್ತು. ಅಷ್ಟರಲ್ಲಿ ಆ ಹುಡುಗಿ ಇಳಿದು ಇನ್ನೊಬ್ಬಳು ಹತ್ತಿರುತ್ತಿದ್ದಳು. ಎತ್ತರ ಒಬ್ಬಳದು, ಮುಖ ಒಬ್ಬಳದು. ಒಬ್ಬ ತಂದೆ ನನ್ನ ಮೇಜು ಗುದ್ದಿದ. ಬಸವಲಿಂಗಪ್ಪ ಎಲ್ಲರೆದುರು ಕಲ್ಮೇಶನ ಕಡೆ ಕೈ ತೋರಿಸಿ, “ಈ ಕತ್ತೆಗೆ ಹತ್ತು ವರ್ಷದಿಂದ ಅನ್ನ ಹಾಕ್ತಿದೀನಿ ನೋಡ್ರಿ” ಅಂದರು. ಕಲ್ಮೇಶ ನಕ್ಕ. ಅದಕ್ಕೇ ನನಗೆ ಸಿಟ್ಟು ಬರುವುದು.

ಮುಂದಿನ ಸಮಾವೇಶಕ್ಕೆ ಎರಡು ತಿಂಗಳಿರುವಾಗ ಅವನು ಇದರ ಹಿಂದೆ ಬಿದ್ದ. ಊಟದ ಹೊತ್ತಿನಲ್ಲಿ ರೊಟ್ಟಿ ಮುರಿಯುತ್ತಾ ನನಗೆ ಪಾಠ ಮಾಡುತ್ತಿದ್ದ. “ಅಕ್ಕ, ಹೊಸ ಅರ್ಜಿ ಬಂದ್ರೆ ಅದು ಮೊದಲು ಸ್ಲೇಟಲ್ಲಿ ಬರೆದ ಹಾಗೆ. ಎಲ್ರಿಗೂ ಕಾಣುತ್ತೆ, ಆದ್ರೆ ಒರೆಸಿದ್ರೆ ಹೋಯ್ತು. ಕಮಿಟ್ ಮಾಡೋದು ಅಂದ್ರೆ ಅದನ್ನ ಪುಸ್ತಕಕ್ಕೆ ಇಂಕಲ್ಲಿ ಬರೆಯೋದು. ಒಂದೊಂದು ಅರ್ಜಿಗೂ ಪುಸ್ತಕ ತೆಗೀತಾ ಕೂತ್ರೆ ಕ್ಯೂ ಮುಂದಕ್ಕೇ ಹೋಗಲ್ಲ.”

“ಹಾಗಾದ್ರೆ ಬರೀ ಸ್ಲೇಟಲ್ಲಿ ಬರಿ,” ಅಂದೆ.

“ಅಲ್ಲೂ ಕಷ್ಟ ಇದೆ ಅಕ್ಕ. ಸೆಕೆಂಡಿಗೊಂದು ಸಲ ತೋರಿಸು ಅಂದ್ರೆ ಸೆಕೆಂಡಿಗೊಂದು ಸಣ್ಣ ಪೊಟ್ಟಣ ಹುಟ್ಟುತ್ತೆ. ಹುಡುಕೋವಾಗ ಎಲ್ಲಾ ಪೊಟ್ಟಣ ಬಿಚ್ಚಬೇಕು. ಅವ್ವ ಭಾನುವಾರ ಅರ್ಧ ಅರ್ಧ ಉಳಿದಿರೋ ಬೇಳೆ ಪೊಟ್ಟಣ ಎಲ್ಲಾ ಸೇರಿಸಿ ದೊಡ್ಡ ಡಬ್ಬಿಗೆ ಸುರೀತಾಳಲ್ಲ, ಅದೇ ಮರ್ಜ್. ಸುರಿಯೋ ಹೊತ್ತಲ್ಲಿ ಅಡುಗೆಮನೇಲಿ ಬೇರೆ ಕೆಲಸ ಆಗಲ್ಲ.”

ಒಂದೊಂದಕ್ಕೂ ಕಮಿಟ್ ಮಾಡಿ ನೋಡಿದ, ಮಿಷನ್ ಕುಂತಲ್ಲೇ ಕುಂತಿತು. ನಿಮಿಷಕ್ಕೊಮ್ಮೆ ಮಾಡಿದ, ಹೆಸರು ತಡವಾಗಿ ಕಂಡವು. ಹತ್ತು ಪೊಟ್ಟಣ ಆದ ಕೂಡಲೇ ಸೇರಿಸು ಅಂದ, ಇಡೀ ಹೊತ್ತು ಸೇರಿಸುವುದೇ ಆಯಿತು. ಹೊಸ ಡಿಸ್ಕ್ ಒಂದು ಕೊಡಿಸಿದ್ದರೆ ಅರ್ಧ ತೊಂದರೆ ನೀಗುತ್ತಿತ್ತು. ಬಸವಲಿಂಗಪ್ಪ ವೇದಿಕೆಯ ಹೂವಿನ ಅಲಂಕಾರ ದೊಡ್ಡದು ಮಾಡಿಸಿದರು. ಕೊನೆಗೆ ಕಲ್ಮೇಶ ಒಂದು ಲೆಕ್ಕಕ್ಕೆ ಬಂದ. ಸೆಕೆಂಡಿಗೊಂದು ಸಲ ಎಲ್ಲರಿಗೂ ತೋರಿಸುವುದು. ಪುಸ್ತಕಕ್ಕೆ ಬರೆಯುವುದನ್ನೂ ಪೊಟ್ಟಣ ಸೇರಿಸುವುದನ್ನೂ ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟುಕೊಳ್ಳುವುದು. ಆಗ ಸ್ವಾಮಿಗಳ ಆಶೀರ್ವಚನ ಇರುತ್ತದೆ, ಯಾರೂ ಫೋನು ಮುಟ್ಟುವುದಿಲ್ಲ, ಐದು ನಿಮಿಷ ಮಿಷನ್ ನಿಂತರೂ ನಡೆಯುತ್ತದೆ. ಮಿಷನ್ ಹಠಾತ್ತನೆ ನಿಂತರೆ ಇರಲಿ ಅಂತ ಒಂದು ಕಚ್ಚಾ ಪುಸ್ತಕವೂ ಒಳಗೆ ಬರೆಯುತ್ತಾ ಇರುತ್ತದಂತೆ. ಅದರಿಂದಲೂ ನಿಧಾನ ಆಗುತ್ತದೆ ಅಂತ ಅವತ್ತೊಂದು ದಿನದ ಮಟ್ಟಿಗೆ ಅದನ್ನೂ ನಿಲ್ಲಿಸುವುದು. “ಹನ್ನೆರಡಕ್ಕೆ ಒಂದು ಕಮಿಟ್ ಆಗ್ಬಿಟ್ರೆ ಭಯ ಇಲ್ಲ ಅಕ್ಕ,” ಅಂದ.

ಅಷ್ಟರಲ್ಲಿ ಹೇಮಶ್ರೀ ಅನ್ನುವವರ ಫೋನು ಬಂತು. ಕೆಂಗೇರಿಯಲ್ಲಿ ಶಾಲೆ ಟೀಚರು. ಅವರ ವಿವರದಲ್ಲಿ ನಾನು ‘ವಿಧವೆ’ ಅನ್ನುವ ಕಡೆ ‘ಅವಿವಾಹಿತೆ’ ಅಂತ ಹೊಡೆದಿದ್ದೆ. ತಿದ್ದಲು ಹೇಳಿದರೂ ಇನ್ನೂ ಹಳೆಯದೇ ಕಾಣುತ್ತಿದೆ ಅಂತ ಅವರ ಸಿಟ್ಟು. ಕಲ್ಮೇಶ ಫೋನು ತೆಗೆದುಕೊಂಡು, “ನಮ್ಮದೇ ತಪ್ಪು ಮೇಡಂ, ನೀವು ಹೇಳಿದ್ದು ಸರಿ” ಅಂದ. ಅಷ್ಟೇ. ಬೇರೆ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲವಂತೆ. ಮರುವಾರ ಮತ್ತೆ ಫೋನು ಬಂತು, ಅದರ ಮರುವಾರವೂ. ಅವನು ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದ. ನಾನು ರೊಟ್ಟಿ ಡಬ್ಬಿ ಮುಂದಿಟ್ಟುಕೊಂಡು ಕಾಯುತ್ತಿದ್ದೆ.

ಹೇಮಶ್ರೀಯ ಗಂಡನಿಗೆ ಮದುವೆಗೆ ಮುಂಚೆಯೇ ಕಿಡ್ನಿ ಹೋಗಿತ್ತು. ಆ ಮನೆಯವರು ಮುಚ್ಚಿಟ್ಟಿದ್ದರು. ಹದಿನಾಲ್ಕು ತಿಂಗಳಿಗೆ ಅವನು ಸತ್ತ, ಕಾಲ್ಗುಣ ಅಂತ ಇವಳನ್ನು ಅಂದರು. ಅದಕ್ಕೇ ಕಲ್ಮೇಶ, “ನನ್ನ ಬಗ್ಗೆ ಒಂದೆರಡು ವಿಷಯ ಹೇಳ್ಬೇಕು” ಅಂದಾಗ ಅವಳು ತಡೆದಳಂತೆ. “ಫೋನಲ್ಲಿ ಬೇಡ. ಫೋನಲ್ಲಿ ಅವ್ರೂ ಬೇಕಾದಷ್ಟು ಹೇಳಿದ್ರು. ಏನಿದೆಯೋ ಅದನ್ನ ಎಲ್ಲರೂ ನೋಡೋ ಕಡೆ ಬರೀರಿ. ಸಮಾವೇಶಕ್ಕೆ ನಮ್ಮಣ್ಣನ್ನ ಕರ್ಕೊಂಡು ಬರ್ತೀನಿ, ಇಬ್ರೂ ಓದ್ತೀವಿ. ನಿಜ ಇದ್ರೆ ಮುಂದಿನ ಮಾತು.”

ಇದನ್ನು ಅವನು ನನಗೆ ಹೇಳುವಾಗ ಅವನ ಮುಖ ನೋಡಬೇಕಿತ್ತು. ಪರೀಕ್ಷೆಗೆ ಮುಂಚೆಯೇ ಪ್ರಶ್ನೆಪತ್ರಿಕೆ ಸಿಕ್ಕವನ ಮುಖ. ನಿಜ ಬರೆಯುವುದು ತಾನೆ, ಅದರಲ್ಲಿ ತಪ್ಪುವುದೇನಿದೆ?

ಸಮಾವೇಶದ ಭಾನುವಾರ ಯಜಮಾನರು ಆ ಸರ್ವರ್ ಮಿಷನ್ನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಮಂಟಪದ ಮೂಲೆಯ ಮೇಜಿನ ಮೇಲೆ ಇಡಿಸಿದರು. ಪಕ್ಕದಲ್ಲೇ ನನ್ನ ಮೇಜು. ಒಂಬತ್ತಕ್ಕೆ ಕಲ್ಮೇಶ ಒಂದು ಕಮಿಟ್ ಮಾಡಿದ, ಬಾಗಿಲು ತೆಗೆದರು, ಜನ ನುಗ್ಗಿದರು. ಹತ್ತೂಕಾಲಕ್ಕೆ ಸ್ವಲ್ಪ ಬಿಡುವಾದಾಗ ಅವನು ನನ್ನ ಪಕ್ಕ ಕೂತು ತನ್ನ ಪುಟ ತೆಗೆದ. ಯಜಮಾನರು ಬರೆಸಿದ್ದನ್ನು ಅವರ ಕಣ್ಣೆದುರಿಗೆ ತಿದ್ದಲು ಹೆದರಿ ಅಲ್ಲಿಯವರೆಗೆ ಕಾದಿದ್ದ. ಹಳೆಯದನ್ನೆಲ್ಲ ಅಳಿಸಿ ಹೊಡೆದ: ‘ಬಾಡಿಗೆ ಮನೆ, ಮೂಡಲಪಾಳ್ಯ. ಹದಿನಾರನೇ ವಯಸ್ಸಿನಿಂದ ಮೂರ್ಛೆ ರೋಗವಿದೆ. ಎರಡು ಹೊತ್ತು ಮಾತ್ರೆ. ಕೊನೆಯ ಸಲ ಬಂದದ್ದು ಎರಡು ವರ್ಷದ ಹಿಂದೆ.’

“ಬಂತಾ ಅಕ್ಕ?” ಅಂದ. ನನ್ನ ಫೋನಿನಲ್ಲಿ ಅವನ ಮಾತು ಮುಗಿಯುವುದರೊಳಗೆ ಬಂದಿತ್ತು.

“ಬಂತು ಕಣೋ,” ಅಂದೆ. ಅವನು ಪೂರ್ತಿ ಹಲ್ಲು ಕಾಣುವ ಹಾಗೆ ನಕ್ಕ. ಹನ್ನೊಂದು ವರ್ಷದಲ್ಲಿ ಅವನಿಗೆ ಅಷ್ಟು ಹಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ.

ಸರಿಯಾಗಿ ಹನ್ನೆರಡಕ್ಕೆ ಸ್ವಾಮಿಗಳು ಮೈಕು ಹಿಡಿದರು. ಕಲ್ಮೇಶ ಕಮಿಟ್ ಮಾಡಲು ಕೂತ. ಬಸವಲಿಂಗಪ್ಪ ಓಡಿ ಬಂದರು. “ಏನ್ ಮಾಡ್ತಿದೀಯ?”

“ಬೆಳಗ್ಗಿಂದ ಬಂದಿರೋದನ್ನೆಲ್ಲ ಪಕ್ಕಾ ಮಾಡ್ತೀನಿ ಸಾರ್. ಐದು ನಿಮಿಷ.”

“ಈಗಲಾ? ಹನ್ನೆರಡರಿಂದ ಒಂದೂವರೆ ಯಮಗಂಡ ಕಣೋ! ಇಷ್ಟು ಮನೆ ಮಕ್ಕಳ ಮದುವೆ ವಿಷಯ, ಯಮಗಂಡದಲ್ಲಿ ಪಕ್ಕಾ ಮಾಡ್ತೀಯಾ? ಕಳೀಲಿ. ಒಂದೂವರೆಗೆ ಮಾಡು.”

“ಮಧ್ಯ ಕರೆಂಟ್ ಏನಾದ್ರೂ...”

“ಯುಪಿಎಸ್ ಇದೆಯಲ್ಲೋ.”

ವೇದಿಕೆಯ ಮೇಲೆ ಸ್ವಾಮಿಗಳು, ಲಿಂಗ ಕಟ್ಟಿದವರಿಗೆ ಕೆಟ್ಟ ಗಳಿಗೆ ಅನ್ನುವುದೇ ಇಲ್ಲ, ಎಲ್ಲ ಹೊತ್ತೂ ಒಳ್ಳೆಯ ಹೊತ್ತೇ ಅಂತ ಹೇಳುತ್ತಿದ್ದರು. ಬಸವಲಿಂಗಪ್ಪ ಕೈ ಮುಗಿದು ತಲೆಯಾಡಿಸುತ್ತಾ ಮುಂದಿನ ಸಾಲಿಗೆ ಹೋದರು. ನಾನು ಕಲ್ಮೇಶನಿಗೆ ಮೆಲ್ಲಗೆ ಹೇಳಿದೆ. “ಒತ್ತಿಬಿಡು. ಅವ್ರಿಗೇನ್ ಗೊತ್ತಾಗುತ್ತೆ?”

ಅವನು ಕೈ ಹಿಂದಕ್ಕೆ ತೆಗೆದುಕೊಂಡ. “ಬೇಡ ಅಕ್ಕ. ಬೇರೆ ದಿನ ಆಗಿದ್ರೆ ಮಾಡ್ತಿದ್ದೆ. ಇವತ್ತು ನನ್ನದೂ ಒಂದು ಕೆಲಸ ಆಗ್ಬೇಕಲ್ಲ, ಸುಮ್ನೆ ಯಾಕೆ ರಿಸ್ಕ್?”

ಎರಡು ತಿಂಗಳು ರೊಟ್ಟಿ ಮುರಿಯುತ್ತಾ ಸ್ಲೇಟು, ಪುಸ್ತಕ ಅಂತ ನನ್ನ ತಲೆ ತಿಂದವನು ಆಡಿದ ಮಾತು ಇದು.

ಹನ್ನೆರಡೂವರೆಗೆ ಆಶೀರ್ವಚನ ಮುಗಿಯಿತು. ವೇದಿಕೆ ಹತ್ತುವವರ ಸಾಲು ಪರದೆಯ ಹಿಂದೆ ನಿಂತಿತು. ಕಲ್ಮೇಶನೂ ಇಸ್ತ್ರಿ ಷರಟು ಹಾಕಿಕೊಂಡು ಅಲ್ಲಿಗೆ ಹೋದ. ಬೆಳಗ್ಗಿನಿಂದ ಇನ್ನೂರಕ್ಕೂ ಹೆಚ್ಚು ಹೊಸ ಅರ್ಜಿ, ನೂರಾರು ತಿದ್ದುಪಡಿ. ಸೇರಿಸದೆ ಬಿಟ್ಟ ಪೊಟ್ಟಣಗಳು ರಾಶಿ ಬಿದ್ದಿರಬೇಕು, ಹುಡುಕಾಟ ತೆವಳತೊಡಗಿತು. ಐದು ಸೆಕೆಂಡು, ಹತ್ತು ಸೆಕೆಂಡು, ಆಮೇಲೆ ಬರೀ ಚಕ್ರ ತಿರುಗುವುದು. ಜನ ಗುಜುಗುಜು ಅನ್ನುತ್ತಿದ್ದ ಹಾಗೆ ಬಸವಲಿಂಗಪ್ಪ ನನ್ನ ಕಡೆ ಬಂದರು. ಮುಖ ಕೆಂಪಾಗಿತ್ತು.

“ಸಾರ್, ಕಲ್ಮೇಶನ್ನ ಕರೀತೀನಿ,” ಅಂದೆ.

“ಅವನನ್ನ ಕರೆಯೋದೇನು? ನಮ್ಮನೆ ಟೀವಿನೂ ಹೀಗೇ ಆಡುತ್ತೆ.” ಸರ್ವರಿನ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರು. ದೀಪ ಆರಿತು. ಹತ್ತು ಎಣಿಸಿ ಮತ್ತೆ ಒತ್ತಿದರು. ಎರಡು ನಿಮಿಷಕ್ಕೆ ಮಿಷನ್ ಎದ್ದಿತು, ಹುಡುಕಾಟ ಗಾಳಿಯ ಹಾಗೆ ಓಡಿತು. “ನೋಡಿದ್ಯೇನಮ್ಮ? ಇಷ್ಟೇ. ಇದಕ್ಕೆ ಅವನು ಎರಡು ತಿಂಗಳು ತಗೊಂಡ.”

ನಾನು ಬೆಳಿಗ್ಗೆ ಹೊಡೆದ ಒಂದು ಹೆಸರು ಹುಡುಕಿದೆ. ಇಲ್ಲ. ಇನ್ನೊಂದು, ಅದೂ ಇಲ್ಲ. ಒಂಬತ್ತು ಗಂಟೆಯ ನಂತರದ್ದು ಒಂದೂ ಇರಲಿಲ್ಲ. ಯಜಮಾನರಿಗೆ ತೋರಿಸಿದೆ. ಅವರ ಮುಖದ ಕೆಂಪು ಇಳಿದು ಬೂದಿ ಬಣ್ಣವಾಯಿತು. “ಅರ್ಜಿ ಕಾಗದ ಇದೆಯಲ್ಲ, ಎಲ್ಲಾ ಮತ್ತೆ ಹೊಡಿ. ಒಂದಕ್ಷರ ಹೋಗಿದೆ ಅಂತ ಯಾರಿಗಾದ್ರೂ ಬಾಯಿ ಬಿಟ್ಯೋ, ನಾಳೆಯಿಂದ ಬರಬೇಡ.” ಎಲ್ಲರದಕ್ಕೂ ಕಾಗದ ಇತ್ತು. ಕಲ್ಮೇಶ ತನ್ನದನ್ನು ತಾನೇ ಹೊಡೆದುಕೊಂಡಿದ್ದ. ಅವನೊಬ್ಬನದಕ್ಕೆ ಕಾಗದ ಇರಲಿಲ್ಲ.

ತಲೆ ಎತ್ತಿದರೆ ಅವನಾಗಲೇ ವೇದಿಕೆ ಮೇಲಿದ್ದ. ಹಿಂದೆ ಪರದೆಯಲ್ಲಿ ಅವನ ದೊಡ್ಡ ಫೋಟೋ. ಮುಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟು ಕೂತಿದ್ದ ಬಸವ್ವ ಫೋಟೋ ನೋಡಿ ಚಪ್ಪಾಳೆ ಹೊಡೆದಳು, ಅವಳಿಗೆ ಓದಲು ಬರುವುದಿಲ್ಲ. ಕಲ್ಮೇಶ ಮೈಕಿನಲ್ಲಿ ಹೆಸರು ಹೇಳಿದ. ಆಮೇಲೆ ಮೂರನೇ ಸಾಲಿನ ಕಡೆ ನೋಡಿ, “ಜಾಸ್ತಿ ಏನೂ ಹೇಳಲ್ಲ. ನನ್ನ ವಿಷಯ ಎಲ್ಲಾ ಹಿಂದೆ ಬರೆದಿದೆ. ಅದ್ರಲ್ಲಿ ಒಂದಕ್ಷರನೂ ಸುಳ್ಳಿಲ್ಲ” ಅಂದ.

ಮೂರನೇ ಸಾಲಿನಿಂದ ಹೇಮಶ್ರೀಯ ಅಣ್ಣ ಚನ್ನವೀರೇಶ್ ಎದ್ದು ನಿಂತರು. ಅವರು ಹಿಂದಿನ ವಾರವೇ ಮೂಡಲಪಾಳ್ಯಕ್ಕೆ ಹೋಗಿ ಮನೆ, ಮಾತ್ರೆ ಎಲ್ಲ ವಿಚಾರಿಸಿಕೊಂಡು ಬಂದಿದ್ದರಂತೆ. ಇವನು ನಿಜ ಬರೆಯುತ್ತಾನೋ ಇಲ್ಲವೋ ನೋಡಲಿಕ್ಕೆಂದೇ, ಆಶೀರ್ವಚನ ಮುಗಿದ ಮೇಲಷ್ಟೇ ಬಂದವರು.

“ಆರೋಗ್ಯ ಉತ್ತಮ. ಹೌದೇನ್ರಿ?” ಅಂದರು.

“ಅಲ್ಲಿ ಬರೆದಿರೋದೆಲ್ಲ ನಿಜ ಸಾರ್.”

“ಅನ್ನಪೂರ್ಣೇಶ್ವರಿ ನಗರದಲ್ಲಿ ಸ್ವಂತ ಮನೆ. ಅದೂ?”

ಕಲ್ಮೇಶ ತಿರುಗಿ ನೋಡಿದ. ಆರು ವರ್ಷದ ಹಿಂದೆ ನಾನು ಹೊಡೆದ ಅಕ್ಷರಗಳು ಒಂದೊಂದೂ ಮೊಳದುದ್ದ ನಿಂತಿದ್ದವು. ಯಾರೋ ಹಿಂದಿನಿಂದ ನಕ್ಕರು, ಆಮೇಲೆ ತುಂಬ ಜನ ನಕ್ಕರು. ಎಲ್ಲರೂ ನಗುತ್ತಿದ್ದಾರೆ ಅಂತ ಬಸವ್ವನೂ ನಕ್ಕಳು. ಅವನು ಹೇಮಶ್ರೀಯನ್ನು ನೋಡಲಿಲ್ಲ, ಮೂಲೆಯಲ್ಲಿದ್ದ ಸರ್ವರ್ ಮಿಷನ್ ನೋಡಿದ. ಏನಾಗಿದೆ ಅಂತ ಅವನಿಗೆ ಒಂದು ಸೆಕೆಂಡಿನಲ್ಲಿ ತಿಳಿಯಿತು.

ಹೇಮಶ್ರೀ ಅಷ್ಟಕ್ಕೇ ಎದ್ದು ಹೋಗಲಿಲ್ಲ. ಅದನ್ನು ನಾನು ಹೇಳಲೇಬೇಕು. ಅವಳು ಅಣ್ಣನನ್ನು ನನ್ನ ಮೇಜಿನ ಹತ್ತಿರ ಕಳಿಸಿದಳು, ತಾನು ನಾಲ್ಕು ಹೆಜ್ಜೆ ಹಿಂದೆ ಬ್ಯಾಗು ಎದೆಗೆ ಅವುಚಿಕೊಂಡು ನಿಂತಳು. ಕಲ್ಮೇಶ ವೇದಿಕೆ ಇಳಿದು ಅಲ್ಲಿಗೇ ಓಡಿ ಬಂದಿದ್ದ. “ಬೆಳಿಗ್ಗೆ ಎಲ್ಲಾ ತಿದ್ದಿದ್ದೆ ಸಾರ್. ಮಿಷನ್ ನಿಂತು ಹಳೇದು ವಾಪಸ್ ಬಂದಿದೆ. ಅಕ್ಕ ಅವ್ರ ಫೋನಲ್ಲೇ ನೋಡಿದಾರೆ. ಬೇಕಾದ್ರೆ ಅಕ್ಕನ್ನ ಕೇಳಿ.”

“ಹೌದಾ ಮೇಡಂ? ನೀವು ನೋಡಿದ್ರಾ?” ಚನ್ನವೀರೇಶ್ ಕೇಳಿದರು. ಗಟ್ಟಿ ದನಿ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದರು.

ಬಸವಲಿಂಗಪ್ಪ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ನನಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದೊಂದೇ ಅಲ್ಲ. ನಾನು ಹೇಮಶ್ರೀಯನ್ನು ನೋಡಿದೆ. ಅವಳು ಅವನನ್ನು ನೋಡುತ್ತಿದ್ದ ರೀತಿ ನೋಡಿದೆ. ಮೆಟ್ಟಿಲ ಮೇಲಿನ ಮಾತು, ರೊಟ್ಟಿ ಮುಂದಿಟ್ಟುಕೊಂಡು ನಾನು ಕಾದದ್ದು ಎಲ್ಲ ಒಂದೇ ಸಲ ನೆನಪಿಗೆ ಬಂತು. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ.

“ಇಲ್ಲ ಸಾರ್. ನಾನೇನೂ ನೋಡಿಲ್ಲ,” ಅಂದೆ.

ಕಲ್ಮೇಶ ನನ್ನನ್ನು ಬೈಯಲಿಲ್ಲ. ತಾನೇ ಸುಳ್ಳು ಹೇಳಿ ಸಿಕ್ಕಿಬಿದ್ದವನ ಹಾಗೆ ನೆಲ ನೋಡಿದ. ಚನ್ನವೀರೇಶ್ ಒಂದು ಸಲ ತಲೆಯಾಡಿಸಿ ತಂಗಿಯ ಮೊಳಕೈ ಹಿಡಿದರು. ಊಟಕ್ಕೂ ನಿಲ್ಲದೆ ಇಬ್ಬರೂ ಹೋದರು.

ಒಂದೂವರೆಗೆ ಬಸವಲಿಂಗಪ್ಪ ಗಡಿಯಾರ ನೋಡಿಕೊಂಡು ಬಂದರು. “ಯಮಗಂಡ ಕಳೀತು. ಈಗ ಪಕ್ಕಾ ಮಾಡಪ್ಪ.” ಕಲ್ಮೇಶ ಕೂತ, ಕಮಿಟ್ ಒತ್ತಿದ, ಐದು ನಿಮಿಷ ಅಲ್ಲಾಡದೆ ಕಾದ. ನನ್ನ ಕೈಯಲ್ಲಿ ಇನ್ನೂ ನೂರೆಂಬತ್ತು ಕಾಗದ ಇದ್ದವು. ಅವನು ಅರ್ಧ ತನ್ನ ಕಡೆ ಎಳೆದುಕೊಂಡು ಹೊಡೆಯಲು ಶುರು ಮಾಡಿದ.

ಇದೆಲ್ಲ ಆಗಿ ಹತ್ತು ತಿಂಗಳಾಯಿತು. ಮರುದಿನವೇ ಅವನು ಕಚ್ಚಾ ಪುಸ್ತಕವನ್ನು ಮತ್ತೆ ಶುರು ಮಾಡಿದ, ತನ್ನ ಪುಟವನ್ನು ಮತ್ತೆ ತಿದ್ದಿದ, ಅಲ್ಲೇ ಕಮಿಟ್ ಮಾಡಿದ. ಯಜಮಾನರು ಈಗ ಹೊಸ ಡಿಸ್ಕ್ ತಂದಿದ್ದಾರೆ. ಪೊಟ್ಟಣಗಳು ತಾವಾಗಿಯೇ ಸೇರಿಕೊಳ್ಳುತ್ತವೆ, ಯಾರೂ ಗುಂಡಿ ಒತ್ತಬೇಕಿಲ್ಲ. ಬಸವಲಿಂಗಪ್ಪ ಬಂದವರಿಗೆಲ್ಲ ಬೆರಳು ಚಿಟಿಕೆ ಹೊಡೆದು, ಇಷ್ಟರಲ್ಲಿ ಬರುತ್ತೆ ನೋಡಿ ಅನ್ನುತ್ತಾರೆ. ಕಲ್ಮೇಶ ಒಂದು ವಾರ ಬಿಟ್ಟು ನನ್ನ ಜೊತೆ ಮತ್ತೆ ಊಟಕ್ಕೆ ಕೂತ. ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನೂ ಜಗಳ ಆಡಿ ಹಗುರ ಆಗುತ್ತಿದ್ದೆ.

ಅವನ ಪುಟವನ್ನು ನಾನು ದಿನಾ ತೆರೆದು ನೋಡುತ್ತೇನೆ. ಮನೆಯಿಂದ, ನನ್ನ ಫೋನಿನಲ್ಲಿ, ಬೆಳಿಗ್ಗೆ ಕಾಫಿ ಕುಡಿಯುವಾಗ. ‘ಬಾಡಿಗೆ ಮನೆ, ಮೂಡಲಪಾಳ್ಯ’ ಅನ್ನುವುದು ಇದೆಯೇ, ಮತ್ತೆ ಹಳೆಯದು ಬಂದಿಲ್ಲ ತಾನೆ ಅಂತ ನೋಡಿ ಮುಚ್ಚುತ್ತೇನೆ.

ಮೂರು ತಿಂಗಳ ಹಿಂದೆ ಅವನು ರೊಟ್ಟಿ ಮುರಿಯುತ್ತಾ ದನಿ ತಗ್ಗಿಸಿ ಹೇಳಿದ. “ಅಕ್ಕ, ಯಾರಿಗೂ ಹೇಳ್ಬೇಡಿ. ನನ್ನ ಪುಟನ ದಿನಾ ಯಾರೋ ಒಬ್ರು ನೋಡ್ತಾರೆ. ಒಂದೇ ಒಂದು ಸಲ, ಬೆಳಿಗ್ಗೆ. ಸ್ಕೂಲಿಗೆ ಹೊರಡೋ ಹೊತ್ತಲ್ಲಿ. ಅವ್ರೇ ಇರ್ಬೇಕು ಅಲ್ವಾ?”

ಯಾರು ನೋಡಿದರು ಅಂತ ಸರ್ವರಿನಿಂದ ತೆಗೆಯುವುದು ಅವನಿಗೆ ಎರಡು ನಿಮಿಷದ ಕೆಲಸ. ತೆಗೆಯಲಿಲ್ಲ. ತೆಗೆಯುವುದೂ ಇಲ್ಲ. ಅವತ್ತು ಭಯಪಟ್ಟು ನಾನು ಐದು ದಿನ ಅವನ ಪುಟ ಮುಟ್ಟಲಿಲ್ಲ. ಆರನೇ ದಿನ ಅವನು ಡಬ್ಬಿ ತೆರೆಯದೆ ಸುಮ್ಮನೆ ಕೂತಿದ್ದ. ಮಾತ್ರೆ ನುಂಗಿದೆಯಾ ಅಂತ ಕೇಳಿದರೆ ನೆನಪಿಲ್ಲ ಅಂದ.

ಏಳನೇ ದಿನದಿಂದ ಮತ್ತೆ ನೋಡುತ್ತಿದ್ದೇನೆ. ದಿನಕ್ಕೆ ಒಂದೇ ಸಲ, ಎಂಟೂಕಾಲಕ್ಕೆ. ಶಾಲೆಗೆ ರಜೆ ಇರುವ ದಿನ ಸ್ವಲ್ಪ ತಡವಾಗಿ ನೋಡುತ್ತೇನೆ.